ಸಾವಿರದ ಐನೂರರಲ್ಲಿ ಬೆಂಗಳೂರು

ರಾತ್ರಿ ಹೊತ್ತು ದೇವರಾಯನದುರ್ಗದ ಬೆಟ್ಟದ ಮೇಲೆ ನಿಂತರೆ ಪಶ್ಚಿಮಕ್ಕೆ ತುಮಕೂರಿನ ದೀಪಗಳು ಚೆಲ್ಲಿದ ಮಂಡಕ್ಕಿಯಂತೆ ಕಾಣುತ್ತವೆ. ಆಗ್ನೇಯ ದಿಕ್ಕಿಗೆ ತಿರುಗಿದರೆ ದೀಪಗಳಿಲ್ಲ, ಆಕಾಶದ ಅಂಚಿನಲ್ಲಿ ಮಸುಕಾದ ಹಳದಿ ಬೆಳಕಷ್ಟೇ. ‘ಅದೇನಪ್ಪಾ?’ ಎಂದು ಚಿಕ್ಕಂದಿನಲ್ಲಿ ಮಗಳು ಕೇಳಿದ್ದಳು. ‘ಅದು ಬೆಂಗಳೂರು ಕಣಮ್ಮಾ’ ಎಂದಿದ್ದೆ. ಮದುವೆ, ಆಸ್ಪತ್ರೆ ಎಂದು ಎರಡು ಮೂರು ಸಲ ಹೋಗಿ ಬಂದದ್ದು ಬಿಟ್ಟರೆ ಆ ಬೆಳಕಿನ ಊರನ್ನು ಮಕ್ಕಳಿಗೆ ಸರಿಯಾಗಿ ತೋರಿಸಿರಲಿಲ್ಲ.

ಮಗಳು ಈಗ ಮೊದಲ ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ಅವಳ ತರಗತಿಯವರು ಪ್ರವಾಸ ಹೊರಟಾಗ ತಲಾ ಮೂರು ಸಾವಿರಕ್ಕೂ ಹೆಚ್ಚು ಕೇಳಿದರು. ಆ ತಿಂಗಳು ನನ್ನ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಇತ್ತು. ನಾನು ಬಾಯಿ ಬಿಡುವ ಮೊದಲೇ ಮಗಳು ‘ನಂಗೇನೂ ಹೋಗ್ಬೇಕು ಅನ್ನಿಸಿಲ್ಲ ಬಿಡಪ್ಪಾ’ ಎಂದಳು. ಮೂವತ್ತು ವರ್ಷ ಮೇಷ್ಟರಾಗಿ ದುಡಿದವನಿಗೆ ಮಕ್ಕಳ ಸುಳ್ಳು ತಿಳಿಯದೇ ಇರುತ್ತದೆಯೇ?

ದಸರಾ ರಜೆಗೆ ಅದರ ಲೆಕ್ಕ ತೀರಿಸಲು ಹೊರಟೆ. ಸಾವಿರದ ಐನೂರು ರೂಪಾಯಿಯನ್ನು ಅವಳ ಕೈಗಿತ್ತು, ‘ನೀನೇ ಖಜಾಂಚಿ. ನಾಲ್ಕು ಜನ, ಒಂದು ದಿನ. ಎಲ್ಲಿಗೆ ಹೋಗಬೇಕು ಅನ್ನೋದೂ ನಿಂದೇ’ ಎಂದೆ. ಅವಳು ನೋಟ್‌ಬುಕ್ಕಿನಲ್ಲಿ ಮೂರು ಹೆಸರು ಬರೆದಳು: ಲಾಲ್‌ಬಾಗ್, ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ.

ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ತುಮಕೂರಿನಿಂದ ರೈಲು ಹಿಡಿದೆವು. ಎಪ್ಪತ್ತು ಕಿಲೋಮೀಟರಿಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ಚಿತ್ರಾನ್ನದ ಡಬ್ಬಿ ದಾರಿಯಲ್ಲೇ ಖಾಲಿಯಾಯಿತು. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಮಗನಿಗೆ ಹೇಳಿದೆ: ‘ನೀನು ನಿಂತಿರೋದು ಕೆರೆ ಅಂಗಳದಲ್ಲಿ ಕಣೋ.’ ನಿಜವೇ. ಅಲ್ಲಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ. ಕೆರೆ ಕಳೆದುಕೊಂಡ ಊರು ಈಗ ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಿ ಕುಡಿಯುತ್ತದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮಂಥವರ ಪ್ರವಾಸದ ಖರ್ಚು ಅರ್ಧಕ್ಕಿಳಿದಿದೆ. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮವಳಿಗೂ ಮಗಳಿಗೂ ಶೂನ್ಯ ದರದ ಟಿಕೆಟ್. ಮಗಳು ಅವುಗಳನ್ನೂ ಜೋಪಾನವಾಗಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಳು. ‘ನಾವಿಬ್ರು ಮಾತ್ರ ದುಡ್ಡು ಕೊಡ್ಬೇಕಾ?’ ಎಂಬ ಮಗನ ತಕರಾರಿಗೆ ಕಂಡಕ್ಟರೂ ನಕ್ಕರು.

ಲಾಲ್‌ಬಾಗಿಗೆ ಹೋದವರೆಲ್ಲ 1889ರ ಗಾಜಿನ ಮನೆ ನೋಡುತ್ತಾರೆ. ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂಬ ಫಲಕವನ್ನು ಓದುವವರು ಕಡಿಮೆ. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ಬಂಡೆಯಲ್ಲಿ ಬಿಳಿ, ಬೂದು ಪಟ್ಟೆಗಳು ಹರಿದಾಡಿರುವುದನ್ನು ಮಗಳು ಬೆರಳಿನಿಂದ ಸವರಿದಳು. ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಪದರ ಪದರವಾಗಿ ಕೂತದ್ದರಿಂದ ಆದ ಪಟ್ಟೆಗಳವು. ರಾಮನಗರದ ಕಡೆಯಿಂದ ನಮ್ಮ ಜಿಲ್ಲೆಯ ಮೂಲಕ ಉತ್ತರಕ್ಕೆ ಸಾಗುವ ಗ್ರಾನೈಟ್ ಪಟ್ಟಿ ಇದಕ್ಕಿಂತ ಕಿರಿಯದು, ಸುಮಾರು 250 ಕೋಟಿ ವರ್ಷದ್ದು. ‘ಹಾಗಾದ್ರೆ ಇದು ನಮ್ಮ ಕಡೆ ಬೆಟ್ಟಗಳಿಗೆ ಅಜ್ಜ’ ಎಂದ ಮಗ. ಪಾಠದಲ್ಲಿ ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1965ರಿಂದ ಸಾರ್ವಜನಿಕರಿಗೆ ತೆರೆದಿದೆ. ಅಲ್ಲಿ ‘ಮುಟ್ಟಬೇಡಿ’ ಎನ್ನುವುದಕ್ಕಿಂತ ‘ತಿರುಗಿಸಿ ನೋಡಿ’ ಎನ್ನುವುದೇ ಹೆಚ್ಚು. ಅಂಗಳದಲ್ಲಿ ಹಬೆ ಎಂಜಿನ್ ಇದೆ, ನಮ್ಮ ಎಚ್‌ಎಎಲ್ ತಯಾರಿಸಿದ ಮಾರುತ್ ಯುದ್ಧವಿಮಾನವಿದೆ. ಒಳಗೆ 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ನಿಜಗಾತ್ರದ ಪ್ರತಿಕೃತಿಯಿದೆ. ಬಟ್ಟೆ ಹೊದಿಸಿದ ಆ ರೆಕ್ಕೆಗಳ ಕೆಳಗೆ ನಿಂತಾಗ ಧೈರ್ಯವೆಂದರೇನು ಎಂಬುದು ತಿಳಿಯುತ್ತದೆ.

ಅಲ್ಲೇ ಮಗ ತಪ್ಪಿಸಿಕೊಂಡ. ಹತ್ತು ನಿಮಿಷ ನನ್ನವಳ ಮುಖ ನೋಡಲಾಗಲಿಲ್ಲ. ಬೆಳಿಗ್ಗೆ ರೈಲಿನಲ್ಲಿ ನಾಲ್ವರೂ ಒಂದು ನಿಯಮ ಮಾಡಿಕೊಂಡಿದ್ದೆವು: ತಪ್ಪಿಸಿಕೊಂಡವರು ಹುಡುಕಬಾರದು, ಇದ್ದಲ್ಲೇ ನಿಲ್ಲಬೇಕು. ಹುಡುಗ ನಿಯಮ ಮರೆತಿರಲಿಲ್ಲ. ಗೇರುಗಳ ಮುಂದೆ ಹಿಡಿ ತಿರುಗಿಸುತ್ತಾ ನಿಂತಿದ್ದ. ಮಕ್ಕಳೊಂದಿಗೆ ಹೋಗುವವರು ಇದೊಂದನ್ನು ಮರೆಯಬೇಡಿ. ಫೋನ್ ನಂಬರ್ ಬರೆದ ಚೀಟಿಯೂ ಜೇಬಿನಲ್ಲಿರಲಿ.

ದರ್ಶಿನಿಯೊಂದರಲ್ಲಿ ನಿಂತೇ ಊಟ ಮುಗಿಸಿ, ಸಂಜೆಯ ಹೊತ್ತಿಗೆ ಚೌಡಯ್ಯ ರಸ್ತೆಯ ತಾರಾಲಯಕ್ಕೆ ಬಂದೆವು. ಇದು 1989ರಲ್ಲಿ ಆರಂಭವಾದದ್ದು. ಸೋಮವಾರ ಇದಕ್ಕೆ ರಜೆ ಎಂಬುದನ್ನು ಗಮನಿಸಿಯೇ ದಿನ ಆರಿಸಿದ್ದೆವು. ಟಿಕೆಟ್ ಕಿಟಕಿಯ ಬಳಿ ಮಗಳು ನೋಟ್‌ಬುಕ್ ತೆರೆದು ಎರಡು ಸಲ ಕೂಡಿದಳು. ಉಳಿದಿದ್ದದ್ದು 430 ರೂಪಾಯಿ. ಬಸ್ಸಿಗೆ ಇಷ್ಟು, ತುಮಕೂರಿನಿಂದ ಊರಿಗೆ ಆಟೊಗೆ ಇಷ್ಟು. ಆಮೇಲೆ ತಲೆಯೆತ್ತದೆ ಹೇಳಿದಳು:

‘ನೀವು ತಮ್ಮನ್ನ ಕರ್ಕೊಂಡು ಹೋಗಿ ಬನ್ನಿ. ನಾನು ಅಮ್ಮ ಇಲ್ಲೇ ಕೂತಿರ್ತೀವಿ. ನಂಗೇನೂ ನೋಡ್ಬೇಕು ಅನ್ನಿಸಿಲ್ಲ.’

ಅದೇ ಮಾತು. ಅದೇ ದನಿ. ಈ ಜಾಗದ ಹೆಸರು ಬರೆದವಳು ಅವಳೇ. ಮಕ್ಕಳಿಗೆ ಮಿತವ್ಯಯ ಕಲಿಸುತ್ತಿದ್ದೇನೆಂದು ಬೆಳಗಿನಿಂದ ಒಳಗೊಳಗೇ ಬೀಗುತ್ತಿದ್ದೆ. ನಾನು ಕಲಿಸಿದ್ದು, ಲೆಕ್ಕ ತಾಳೆಯಾಗದಿದ್ದಾಗ ಮೊದಲು ತನ್ನನ್ನೇ ಕಳೆದುಕೊಳ್ಳುವ ವಿದ್ಯೆಯನ್ನೇ? ಅವಳು ಅದನ್ನು ಹೊಸದಾಗಿಯೇನೂ ಕಲಿಯಬೇಕಿರಲಿಲ್ಲ. ಮನೆಯಲ್ಲಿ ಅವಳ ಅಮ್ಮ ಇಪ್ಪತ್ತು ವರ್ಷದಿಂದ ಮಾಡುತ್ತಾ ಬಂದ ಲೆಕ್ಕ ಅದೇ.

ನಾನು ಮಾತು ಹುಡುಕುತ್ತಿರುವಾಗ ನನ್ನವಳು ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ತೆಗೆದಳು. ‘ನಾಲ್ಕು ಟಿಕೆಟ್ ತಗೊಳ್ರೀ. ಒಬ್ರು ಹೊರಗೆ, ಒಬ್ರು ಒಳಗೆ ಅಂತ ನಾನು ಬಂದಿಲ್ಲ.’

ಕನ್ನಡ ಪ್ರದರ್ಶನ. ದೀಪಗಳು ಆರಿ, ಗುಮ್ಮಟದ ತುಂಬ ನಕ್ಷತ್ರಗಳು ಮೂಡಿ, ಆಕಾಶಗಂಗೆ ಹರಡಿಕೊಂಡಾಗ ಸುತ್ತಲಿದ್ದ ನಗರದ ಮಕ್ಕಳು ‘ಹೋ!’ ಎಂದು ಕೂಗಿದರು. ನಗರದ ಬೆಳಕಿನಲ್ಲಿ ಅವರ ಮನೆಯ ಮೇಲೆ ಇಷ್ಟು ನಕ್ಷತ್ರಗಳು ಕಾಣುವುದಿಲ್ಲ. ನನ್ನ ಮಗಳು ಕೂಗಲಿಲ್ಲ. ಕತ್ತಲಲ್ಲಿ ನನ್ನ ತೋಳು ಹಿಡಿದು, ‘ಅಪ್ಪಾ, ಇದು ನಮ್ಮ ಮನೆ ಮೇಲಿರೋದೇ ಅಲ್ವಾ!’ ಎಂದಳು.

ಹೊರಗೆ ಬಂದ ಮೇಲೆ ಅವಳು ಅಲ್ಲಿದ್ದವರನ್ನು ತಾನೇ ಮಾತಾಡಿಸಿ, ವಿದ್ಯಾರ್ಥಿಗಳಿಗಾಗಿ ನಡೆಸುವ ತರಗತಿಗಳ ಬಗ್ಗೆ ಕೇಳಿ ಬರೆದುಕೊಂಡಳು. ಅಲ್ಲಿನ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘ ಇಂಥ ಕಾರ್ಯಕ್ರಮಗಳನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಆಸಕ್ತಿಯಿರುವ ಪೋಷಕರು ವಿಚಾರಿಸಬಹುದು.

ರಾತ್ರಿ ಊರು ಸೇರಿದಾಗ ಮೋಡವಿರಲಿಲ್ಲ. ಬೆಟ್ಟದ ಕಪ್ಪು ನೆರಳಿನ ಮೇಲೆ ಆಕಾಶ ತುಂಬಿತ್ತು. ಈಶಾನ್ಯದ ಕಡೆ ಆಂಡ್ರೊಮಿಡಾ ಗೆಲಾಕ್ಸಿಯ ಮಸುಕು ಚುಕ್ಕೆಯನ್ನು ಮಗಳೇ ಹುಡುಕಿ ತಮ್ಮನಿಗೆ ತೋರಿಸಿದಳು. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ ಎಂದು ವಿವರಿಸಿದವಳೂ ಅವಳೇ. ನಾನು ಸುಮ್ಮನಿದ್ದೆ.

ಮಲಗುವ ಮುನ್ನ ಖಜಾಂಚಿ ಲೆಕ್ಕ ಒಪ್ಪಿಸಿದಳು. ಕೊಟ್ಟದ್ದು 1,500, ಖರ್ಚಾದದ್ದು 1,670. ಉಳಿದದ್ದು ಅಮ್ಮನ ಇನ್ನೂರರಲ್ಲಿ ಮೂವತ್ತು ರೂಪಾಯಿ. ಅದರ ಕೆಳಗೆ ಹೀಗೊಂದು ಸಾಲಿತ್ತು: ‘ಅಮ್ಮನಿಂದ ಸಾಲ: 170. ಅಪ್ಪ ತೀರಿಸಬೇಕು.’

ಮರುದಿನವೇ ತೀರಿಸಿದೆ. ಆದರೆ ಆ ಇಬ್ಬರಿಗೆ ನಾನು ಕೊಡಬೇಕಾದ ಬಾಕಿ ಅಷ್ಟೇ ಅಲ್ಲ ಎಂಬುದು ಈಗ ಗೊತ್ತಾಗಿದೆ.