ಡಿಗ್ರಿ ಆದ್ಮೇಲೆ: ಆ ಒಂದು ವರ್ಷದ ದುಡ್ಡು ಯಾರು ಕೊಡ್ತಾರೆ?

1/6
ಹೋದ ವಾರ ಸ್ಟೋರಿಯಲ್ಲಿ ‘ಡಿಗ್ರಿ ಆದ್ಮೇಲೆ ಏನು?’ ಅಂತ ಪ್ರಶ್ನೆ ಬಾಕ್ಸ್ ಹಾಕಿದ್ದೆ. ಬಂದಿದ್ದನ್ನೆಲ್ಲ ಕೂತು ಓದಿದೆ. ಸುತ್ತಿ ಬಳಸಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಅಕ್ಕಾ, ಎಂಎಸ್ಸಿ ಮಾಡ್ಲಾ, ಬಿ.ಎಡ್ ಮಾಡ್ಲಾ, ಕಾಂಪಿಟೇಟಿವ್ ಓದ್ಲಾ, ಇಲ್ಲ ಸೀದಾ ಬೆಂಗಳೂರಿಗೆ ಬಂದು ಕೆಲಸ ಹುಡುಕ್ಲಾ?’

ರೀಲ್ಸ್‌ನವರ ಹತ್ರ ಇದಕ್ಕೆ ರೆಡಿಮೇಡ್ ಉತ್ತರ ಇದೆ. ನಿನ್ನ ಪ್ಯಾಷನ್ ಏನು ಅಂತ ಹುಡುಕ್ಕೋ, ಅಷ್ಟೇ. ನಂಗೆ ಕೆಮಿಸ್ಟ್ರಿ ಇಷ್ಟ. ಪಿಯುಸಿಯಿಂದಲೂ ಇಷ್ಟ, ಅದರಲ್ಲಿ ಡೌಟೇ ಇಲ್ಲ. ಅದು ಗೊತ್ತಿದ್ದೂ ಎರಡು ವರ್ಷ ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ. ಯಾಕಂದ್ರೆ ನಾಲ್ಕೂ ದಾರಿಯಲ್ಲಿ ಕಾಯೋದಿದೆ. ಕಾಯುವಷ್ಟು ದಿನ ಊಟ, ಬಾಡಿಗೆ, ಫೀಸು ಎಲ್ಲ ಯಾರದ್ದೋ ಕೈಯಿಂದ ಹೋಗ್ತಾ ಇರುತ್ತೆ. ಆ ‘ಯಾರದ್ದೋ’ ಬಗ್ಗೆ ನಿಮ್ಮ ಒಂದು ಮೆಸೇಜಲ್ಲೂ ಮಾತಿರ್ಲಿಲ್ಲ. ಅದಕ್ಕೇ ಈ ಸರಣಿ.

2/6
ಫೋಟೊದಲ್ಲಿರೋದು ಫೈನಲ್ ಇಯರ್‌ನ ನಮ್ಮ ಲ್ಯಾಬ್. ಬ್ಯುರೆಟ್ ಹಿಡ್ಕೊಂಡಿರೋಳು ನಾನು, ಹಿಂದೆ ನಾಲಿಗೆ ಚಾಚಿರೋಳು ನನ್ನ ಬೆಂಚ್‌ಮೇಟ್. (ಲೇ, ಟ್ಯಾಗ್ ಮಾಡಿಲ್ಲ, ಬೈಬ್ಯಾಡ.)

ನಾವು 2021ರಲ್ಲಿ ಸೇರಿದ ಬ್ಯಾಚ್. ಸೇರುವಾಗ ನಾಲ್ಕು ವರ್ಷದ ಆನರ್ಸ್ ಅಂದ್ರು. ನಾವು ಮೂರು ಮುಗಿಸೋ ಹೊತ್ತಿಗೆ ರಾಜ್ಯದಲ್ಲಿ ಆ ಪದ್ಧತಿನೇ ಹೋಯ್ತು, 2024-25ರಿಂದ ಹೊಸಬರಿಗೆ ಮತ್ತೆ ಮೂರೇ ವರ್ಷ. ನಮ್ಮ ಕ್ಲಾಸಿನ ಬಹುತೇಕರು ಮೂರಕ್ಕೇ ಇಳಿದು ಹೊರಗೆ ಬಂದ್ವಿ. ಊರಿಗೆ ಹೋದ್ರೆ ಬಸ್‌ಸ್ಟ್ಯಾಂಡ್‌ನಲ್ಲೇ ಶುರು: ‘ಏನ್ವಾ, ಡಿಗ್ರಿ ಮುಗೀತಂತ, ಮುಂದೇನ?’ ಕೇಳೋ ಕಾಕಾಗೆ ಉತ್ತರ ಬೇಕಾಗಿರಲ್ಲ, ಆದ್ರೂ ಹೇಳ್ಬೇಕು.

ನಮ್ಮೂರು ಬ್ಯಾಡಗಿ. ಅಪ್ಪ ಇಲ್ಲ. ಅವ್ವ ಮೆಣಸಿನಕಾಯಿ ತೊಟ್ಟು ತೆಗೆಯೋ ಕೆಲಸಕ್ಕೆ ಹೋಗ್ತಾಳೆ. ಸೋಮವಾರ, ಗುರುವಾರ ಮಾರುಕಟ್ಟೆ. ಜನವರಿಯಿಂದ ಏಪ್ರಿಲ್ ತನಕ ಚೀಲಗಳ ಗುಡ್ಡೆ, ಆಮೇಲೆ ಕೆಲಸ ಕಡಿಮೆ. ತಮ್ಮ ಆಗ ಹತ್ತನೇ ಕ್ಲಾಸ್ ಮುಗಿಸಿ ಡಿಪ್ಲೊಮಾ ಸೇರೋದ್ರಲ್ಲಿದ್ದ. ಹಾಗಾಗಿ ನಂಗೆ 2024ರಲ್ಲಿ ಆಯ್ಕೆ ಅಂತ ಅಂಥಾದ್ದೇನೂ ಇರ್ಲಿಲ್ಲ. ಬ್ಯಾಗ್ ತಗೊಂಡು ಬೆಂಗಳೂರು ಬಸ್ ಹತ್ತಿದೆ.

3/6
ಬಿಎಸ್ಸಿ ಕೆಮಿಸ್ಟ್ರಿ ಆದವರಿಗೆ ಬೆಂಗಳೂರಲ್ಲಿ ಬೇಗ ಸಿಗೋ ಕೆಲಸ ಅಂದ್ರೆ ಔಷಧಿ ಕಂಪನಿಯ ಕ್ಯೂಸಿ. ಜಿಗಣಿ, ಬೊಮ್ಮಸಂದ್ರ, ಪೀಣ್ಯ ಕಡೆ ವಿಚಾರಿಸಿ. ಕ್ಯೂಸಿ ಅಂದ್ರೆ ಕ್ವಾಲಿಟಿ ಕಂಟ್ರೋಲ್: ಬಂದ ಕಚ್ಚಾ ಮಾಲು, ಹೋಗೋ ಮಾತ್ರೆ ಎರಡನ್ನೂ ಪರೀಕ್ಷೆ ಮಾಡೋದು. ಟೈಟ್ರೇಷನ್, ತೇವಾಂಶ ನೋಡೋಕೆ ಕಾರ್ಲ್ ಫಿಷರ್, ಆಮೇಲೆ ಎಚ್‌ಪಿಎಲ್‌ಸಿ. ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೆ, ಮಷಿನ್ ನೋಡಿದ್ದು ಇಲ್ಲೇ. ಮೊದಲ ಮೂರು ತಿಂಗಳು ಅದನ್ನ ಮುಟ್ಟೋಕೂ ಬಿಡ್ಲಿಲ್ಲ. ಗಾಜಿನ ಸಾಮಾನು ತೊಳೆಯೋದು, ಲೇಬಲ್ ಹಚ್ಚೋದು, ಪಿಎಚ್ ಮೀಟರ್ ಕ್ಯಾಲಿಬ್ರೇಷನ್, ಲಾಗ್‌ಬುಕ್.

ಲಾಗ್‌ಬುಕ್ ಬಗ್ಗೆ ಹೇಳ್ಲೇಬೇಕು. ಇಲ್ಲಿ ವೈಟ್ನರ್ ಇಲ್ಲ, ತಿದ್ದಿ ಮೇಲೆ ಬರೆಯೋ ಹಾಗಿಲ್ಲ. ಅಂಕಿ ತಪ್ಪಾದ್ರೆ ಒಂದೇ ಗೆರೆ ಎಳೀಬೇಕು, ಕೆಳಗಿರೋದು ಓದೋಕೆ ಬರ್ಬೇಕು, ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ, ತಾರೀಖು, ಕಾರಣ. ಕೆಲಸ ಆದ ತಕ್ಷಣ ಬರೀಬೇಕು, ಸಂಜೆ ನೆನಪು ಮಾಡ್ಕೊಂಡು ಬರೆಯೋ ಹಾಗಿಲ್ಲ. ಕಾಲೇಜಿನಲ್ಲಿ ಉತ್ತರ ಗೊತ್ತಿಟ್ಕೊಂಡು ಹಿಂದಿನಿಂದ ರೀಡಿಂಗ್ ಬರೀತಿದ್ದ ನಮ್ಮಂಥೋರಿಗೆ ಇದು ಹೊಸ ಜಗತ್ತು. ನಂಗೆ ಈ ಶಿಸ್ತು ಇಷ್ಟ ಆಯ್ತು, ಸುಳ್ಳು ಹೇಳಲ್ಲ.

ಈಗ ದುಡ್ಡಿನ ಮಾತು. ಇದನ್ನ ಯಾರೂ ಬಿಡಿಸಿ ಹೇಳಲ್ಲ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಆಫರ್ ಲೆಟರ್‌ನಲ್ಲಿ ಸಿಟಿಸಿ 2,40,000 ಅಂತಿತ್ತು. ಹನ್ನೆರಡರಿಂದ ಭಾಗಿಸಿ ‘ತಿಂಗಳಿಗೆ 20 ಸಾವಿರ’ ಅಂತ ಅವ್ವನಿಗೆ ಫೋನ್ ಮಾಡೋಕೆ ಹೊರಟಿದ್ದೆ, ಪಿಜಿಯ ರೂಮ್‌ಮೇಟ್ ತಡೆದಳು. ಆ 20 ಸಾವಿರದಲ್ಲಿ ಕಂಪನಿ ನಮ್ಮ ಪಿಎಫ್‌ಗೆ ಹಾಕೋ ಪಾಲು, ಇಎಸ್‌ಐಗೆ ಕಟ್ಟೋ ಪಾಲು, ಗ್ರಾಚ್ಯುಟಿ ಎಲ್ಲ ಸೇರಿರುತ್ತೆ. ಉಳಿದದ್ದರಲ್ಲಿ ನಮ್ಮ ಪಾಲಿನ ಪಿಎಫ್ ಬೇಸಿಕ್‌ನ ಶೇ. 12, ಜೊತೆಗೆ ಇಎಸ್‌ಐ ಶೇ. 0.75 ಹೋಗುತ್ತೆ. ಕೈಗೆ ಬಂದದ್ದು 16,300 ಚಿಲ್ಲರೆ. ಪಿಜಿ ಊಟ ಸೇರಿ 6,500, ಮನೆಗೆ 5,000. ಉಳಿಯೋದು 4,800. ಅದರಲ್ಲಿ ಬಸ್ಸು, ರೀಚಾರ್ಜು, ಜ್ವರ ಬಂದ್ರೆ ಜ್ವರ.

ಪಿಎಫ್ ಕಟ್ ಆದ್ರೆ ಬೇಜಾರು ಬೇಡ, ಅದು ನಿಮ್ಮದೇ ದುಡ್ಡು. ಇಎಸ್‌ಐ ಅಂತೂ ಸಂಬಳ 21,000 ದಾಟೋ ತನಕ ದೊಡ್ಡ ಉಪಕಾರ, ಕಾರ್ಡ್ ಮಾಡಿಸ್ಕೊಳ್ಳಿ, ಅವ್ವ-ಅಪ್ಪನ ಹೆಸರೂ ಸೇರಿಸೋಕೆ ಆಗುತ್ತಾ ಕೇಳಿ. ಬೇಜಾರಾಗ್ಬೇಕಾದ್ದು ಬೇರೆ ಕಡೆ. ಕೆಲಸ ಕೊಡಿಸ್ತೀವಿ ಅಂತ ‘ರಿಜಿಸ್ಟ್ರೇಷನ್ ಫೀ’ ಕೇಳೋ ಏಜೆನ್ಸಿಗಳು ಒಂದು. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೊಂಡು ಬಾಂಡ್‌ಗೆ ಸಹಿ ಕೇಳೋರು ಇನ್ನೊಂದು. ನಂಗೂ ಒಂದು ಕಡೆ ಕೇಳಿದ್ರು. ‘ಜೆರಾಕ್ಸ್ ಕೊಡ್ತೀನಿ, ಒರಿಜಿನಲ್ ತೋರಿಸ್ತೀನಿ, ಕೊಡಲ್ಲ’ ಅಂದು ಎದ್ದು ಬಂದೆ.

4/6
ಈಗ ಬೆಂಚ್‌ಮೇಟ್ ಕಥೆ. (ಕೇಳಿಯೇ ಬರೀತಿದ್ದೀನಿ.) ಅವಳು ಧಾರವಾಡ ಸೇರಿದಳು. ಸಪ್ತಾಪುರಕ್ಕೆ ಹೋದ್ರೆ ಗೊತ್ತಾಗುತ್ತೆ, ಬೀದಿ ತುಂಬ ಕೋಚಿಂಗ್ ಬೋರ್ಡು, ತಿಂಗಳಿಗೆ ಇಷ್ಟು ಅಂತ ಕುರ್ಚಿ ಬಾಡಿಗೆಗೆ ಕೊಡೋ ರೀಡಿಂಗ್ ರೂಮು. ಬೆಳಿಗ್ಗೆ ಆರಕ್ಕೆ ಹೋದ್ರೆ ರಾತ್ರಿ ಹತ್ತಕ್ಕೆ ಬರೋದು. ನಮ್ಮ ಕ್ಲಾಸಲ್ಲಿ ಅವಳಷ್ಟು ಕೂತು ಓದೋರು ಯಾರೂ ಇರ್ಲಿಲ್ಲ.

ಊರಲ್ಲಿ ಅವಳ ಬಗ್ಗೆ ಮಾತಾಡೋರಿಗೆ ಒಂದು ವಿಷಯ ಗೊತ್ತಿರಲ್ಲ. ಅವಳು ‘ಇನ್ನೂ ಪಾಸಾಗಿಲ್ಲ’ ಅಂತಾರೆ. ಬರೆಯೋಕೆ ಪರೀಕ್ಷೆ ಎಲ್ಲಿ ನಡೆದಿದೆ? 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯ್ತು, ಅಕ್ರಮ ಬಯಲಾಗಿ ರದ್ದಾಯ್ತು, ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. 384 ಕೆಎಎಸ್ ಹುದ್ದೆಯ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ಆಯ್ತು, ಕನ್ನಡ ಅನುವಾದ ಅಷ್ಟೊಂದು ಕೆಟ್ಟದಾಗಿದ್ದಕ್ಕೆ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದ್ರು, ಅದರಲ್ಲೂ ಅನುವಾದದ ತಪ್ಪು. ಇಂಗ್ಲಿಷ್ ಪ್ರಶ್ನೆ ಓದೋಕೆ ಬರೋನು ಬಚಾವ್, ಕನ್ನಡ ಮೀಡಿಯಮ್‌ನವರಿಗೆ ಏಟು. ನಂಗೆ ಇದರ ಮೇಲೆ ಇವತ್ತಿಗೂ ಸಿಟ್ಟಿದೆ. ಅದೇ ವರ್ಷ ಅಕ್ಟೋಬರ್ ಕೊನೆಗೆ, ಒಳಮೀಸಲಾತಿ ತೀರ್ಮಾನ ಆಗೋ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ಸಂಪುಟ ನಿರ್ಧರಿಸ್ತು. ಆಯೋಗದ ವರದಿ ಬಂದಿದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಎಷ್ಟೋ ವರ್ಷದ ನ್ಯಾಯದ ಪ್ರಶ್ನೆ, ಅದಕ್ಕೆ ತಕರಾರಿಲ್ಲ. ಆದ್ರೆ ಆ ತಿಂಗಳುಗಳ ಕುರ್ಚಿ ಬಾಡಿಗೆ ಓದೋ ಹುಡುಗ್ರ ಮನೆಯಿಂದಲೇ ಹೋಯ್ತು ಅನ್ನೋದೂ ನಿಜ.

ಅವಳಿಗೆ ಯುವನಿಧಿ ಬರ್ತಿತ್ತು. ಡಿಗ್ರಿ ಪಾಸಾಗಿ 180 ದಿನ ಕೆಲಸ ಸಿಗದಿದ್ರೆ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಮುಂದೆ ಓದೋಕೆ ಸೇರಿದ್ರೆ ಸಿಗಲ್ಲ. ಅದು ಕುರ್ಚಿಗೂ ಮೆಸ್ಸಿನ ಸ್ವಲ್ಪಕ್ಕೂ ಆಗ್ತಿತ್ತು, ಉಳಿದದ್ದು ಅವರಪ್ಪ ಹೊಲದ ಮೇಲಿನ ಸಾಲದಿಂದ. ಹೋದ ದೀಪಾವಳಿಗೆ ಕೇಳಿದೆ, ‘ಎಲ್ಲೀತನ ಓದ್ತಿ?’ ಅಂತ. ‘ಅಪ್ಪಗ ಮಾತ್ ಕೊಟ್ಟೀನಿ. ಇನ್ನೊಂದ್ ಕೆಎಎಸ್, ಒಂದ್ ಎಫ್‌ಡಿಎ ಬರೀತೀನಿ. ಆಮ್ಯಾಲ ಏನಾದ್ರೂ ಆಗ್ಲಿ, ಪುಸ್ತಕ ಕಟ್ಟಿಡ್ತೀನಿ’ ಅಂದ್ಲು. ತಾರೀಖು ಇಟ್ಕೊಳ್ಳಲಿಲ್ಲ ನೋಡಿ, ಪರೀಕ್ಷೆಗಳ ಲೆಕ್ಕ ಇಟ್ಕೊಂಡ್ಲು. ತಾರೀಖು ಸರ್ಕಾರದ ಕೈಯಲ್ಲಿರೋವಾಗ ಅದೇ ಜಾಣತನ ಅನ್ನಿಸ್ತು ನಂಗೆ.

5/6
ಬಿ.ಎಡ್ ಬಗ್ಗೆ ಚುಟುಕಾಗಿ. ಎರಡು ವರ್ಷ. ಆಮೇಲೆ ಟಿಇಟಿ, 150ಕ್ಕೆ 90 ಬರ್ಬೇಕು ಸಾಮಾನ್ಯ ವರ್ಗಕ್ಕೆ, ಒಮ್ಮೆ ಪಾಸಾದ್ರೆ ಜೀವನಪೂರ್ತಿ ಲೆಕ್ಕಕ್ಕೆ. ಆದ್ರೆ ಟಿಇಟಿ ಅಂದ್ರೆ ನೇಮಕಾತಿ ಅಲ್ಲ, ಅರ್ಜಿ ಹಾಕೋ ಅರ್ಹತೆ ಮಾತ್ರ. 2022ರಲ್ಲಿ ಕರೆದ ಹಾಗೆ 15,000 ಪದವೀಧರ ಶಿಕ್ಷಕರನ್ನ ಪ್ರತಿ ವರ್ಷ ಕರೆಯಲ್ಲ. ಮಕ್ಕಳಿಗೆ ಹೇಳಿಕೊಡೋದು ಖುಷಿ ಕೊಡುತ್ತೆ ಅನ್ನೋರು ಮಾಡಿ. ‘ಹುಡುಗೀರಿಗೆ ಸೇಫ್’ ಅಂತ ಮನೆಯವರು ಹೇಳ್ತಾರೆ ಅಂತ ಮಾಡೋದಾದ್ರೆ, ಪಕ್ಕದ ಪ್ರೈವೇಟ್ ಸ್ಕೂಲಲ್ಲಿ ಮಿಸ್‌ಗಳಿಗೆ ಸಂಬಳ ಎಷ್ಟು ಅಂತ ಮೊದಲು ಕೇಳ್ಕೊಂಡು ಬನ್ನಿ.

ಎಂಎಸ್ಸಿ ನನ್ನ ದಾರಿ, ಹಾಗಾಗಿ ಪಕ್ಷಪಾತ ಇರುತ್ತೆ. ಲ್ಯಾಬಲ್ಲಿ ಎರಡು ವರ್ಷ ಇದ್ದು ಕಂಡದ್ದು ಇದು: ಬಿಎಸ್ಸಿಯವರು ಕ್ಯೂಸಿ, ಪ್ರೊಡಕ್ಷನ್‌ನಲ್ಲೇ ಇರ್ತಾರೆ. ಹೊಸ ಅಣು ಕಟ್ಟೋ ಆರ್ ಅಂಡ್ ಡಿ ಬಾಗಿಲಲ್ಲಿ ಎಂಎಸ್ಸಿ ಕೇಳ್ತಾರೆ, ಅದರಲ್ಲೂ ಆರ್ಗ್ಯಾನಿಕ್. ಸಂಶೋಧನೆಗೆ ಹೋಗ್ಬೇಕು ಅಂದ್ರೆ ಸಿಎಸ್‌ಐಆರ್ ನೆಟ್. ಜೆಆರ್‌ಎಫ್ ಬಂದ್ರೆ 2023ರಿಂದ ತಿಂಗಳಿಗೆ 37,000. ನಮ್ಮಂಥ ಮನೆಗೆ ಅದು ಫೆಲೋಶಿಪ್ ಅಲ್ಲ, ಸಂಬಳವೇ. ಆದ್ರೆ ಅಲ್ಲಿಗೆ ಹೋಗೋಕೆ ಎಂಎಸ್ಸಿಯ ಎರಡು ವರ್ಷ ಪೂರ್ತಿ ಖಾಲಿ ಕೈ.

ಈ ಸಲ ಧಾರವಾಡದಲ್ಲಿ ಮೆರಿಟ್ ಸೀಟು ಬಂತು. ಪಟ್ಟಿಯಲ್ಲಿ ಹೆಸರು ನೋಡಿದ ರಾತ್ರಿ ಬಿ ಶಿಫ್ಟ್ ಮುಗಿಸಿ ಬಂದು ಕೂತು ಲೆಕ್ಕ ಹಾಕಿದೆ. ಎರಡು ವರ್ಷದಲ್ಲಿ ಉಳಿಸಿದ್ದು 62,000. ಫೀಸು, ಹಾಸ್ಟೆಲ್ಲು, ಮೆಸ್ಸು ಹೇಗೋ ಅದರಲ್ಲೂ ಸ್ಕಾಲರ್‌ಶಿಪ್‌ನಲ್ಲೂ ಎಳೆಯಬಹುದು. ಆದ್ರೆ ಮನೆಗೆ ಕಳಿಸ್ತಿದ್ದ 5,000 ನಿಲ್ಲುತ್ತೆ. 24 ತಿಂಗಳಿಗೆ 1,20,000. ನನ್ನ ಎಂಎಸ್ಸಿಯ ನಿಜವಾದ ಫೀಸು ಅದು, ಮತ್ತು ಅದು ಯಾವ ಚಲನ್‌ನಲ್ಲೂ ಬರಲ್ಲ. ತಮ್ಮನ ಡಿಪ್ಲೊಮಾಗೆ ಇನ್ನೊಂದು ವರ್ಷ ಬಾಕಿ. ಹಾಗಾಗಿ ಬೇಡ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ ಅಂತ ತೀರ್ಮಾನ ಮಾಡ್ಕೊಂಡು ಊರಿಗೆ ಹೋದೆ.

6/6
ಈ ಫೋಟೊ ಅವ್ವನ ಕೈ. ತೆಗೆಯೋಕೆ ಬಿಡಲ್ಲ ಅಂದ್ಲು, ಆಮೇಲೆ ಬಿಟ್ಲು. ಬೆರಳ ತುದಿ ನೋಡಿ. ಖಾರ ಎಷ್ಟು ತೊಳೆದ್ರೂ ಹೋಗಲ್ಲ. ಚಿಕ್ಕವಳಿದ್ದಾಗ ಸೀಸನ್‌ನಲ್ಲಿ ಅವ್ವ ನನ್ನ ಮುಖ ಮುಟ್ಟಿದ್ರೆ ಕಣ್ಣುರಿ ಬರ್ತಿತ್ತು.

ಲೆಕ್ಕ ಬರೆದ ಹಾಳೆ ತೋರಿಸ್ದೆ. ತಮ್ಮ ಓದಿ ಹೇಳಿದ. ಅವ್ವ ಪೂರ್ತಿ ಕೇಳಿ, ‘ಮುಂದಿನ ವರ್ಷ ಹೋದ್ರ ಈ ರೊಕ್ಕ ಕಡಿಮಿ ಆಗ್ತದೇನು?’ ಅಂದ್ಲು. ಇಲ್ಲ, ಅಷ್ಟೇ ಇರುತ್ತೆ, ಆದ್ರೆ ತಮ್ಮನ ಓದು ಮುಗಿದಿರುತ್ತೆ ಅಂದೆ. ‘ಅವಂದ್ ಮುಗದ್ ಮ್ಯಾಲ ಅವಂಗ ಬೈಕ್ ಬೇಕಾಗ್ತದ, ಆಮ್ಯಾಲ ಮನಿ ಹಂಚು, ಆಮ್ಯಾಲ ನಿನ್ನ ಲಗ್ನ. ಒಂದಿಲ್ಲ ಒಂದ್ ಇದ್ದ ಇರ್ತದ.’ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ಲು: ‘ನೋಡವ್ವಾ, ಈಗ ನನ್ನ ಕೈ ನಡೀತಾವ. ಇನ್ನೈದ್ ವರ್ಷಕ್ಕ ನಡ್ಯಾಂಗಿಲ್ಲ. ಹೋಗೂದಾದ್ರ ಈಗ ಹೋಗು.’

ಎಲ್ಲಾ ಅಂಕಿ ಬರೆದಿದ್ದೆ. ಕೈಗೆ ಒಂದು ಅವಧಿ ಇದೆ ಅನ್ನೋದು ಮಾತ್ರ ನನ್ನ ಹಾಳೆಯಲ್ಲಿ ಇರ್ಲಿಲ್ಲ. ಅದನ್ನ ಅವಳೇ ಸೇರಿಸ್ಬೇಕಿತ್ತು, ಸೇರಿಸಿದ್ಲು. ನಂಗೆ ಖುಷಿ ಆಗ್ಲಿಲ್ಲ, ಒಪ್ಕೊಳ್ಳೋದು ಬಹಳ ಕಷ್ಟ ಆಯ್ತು. ಅವ್ವ ಇನ್ನೂ ಎರಡು ಸೀಸನ್ ಖಾರದಲ್ಲಿ ಕೂತ್ಕೋತಾಳೆ, ನಾನು ಹಾಸ್ಟೆಲ್‌ನಲ್ಲಿ ಮೆಕ್ಯಾನಿಸಂ ಬರೀತಿರ್ತೀನಿ. ಇದನ್ನ ‘ತ್ಯಾಗ’ ಅಂತ ಮ್ಯೂಸಿಕ್ ಹಾಕಿ ರೀಲ್ ಮಾಡೋಕೆ ನಂಗೆ ಮನಸಿಲ್ಲ. ಅವಳು ಲೆಕ್ಕ ನೋಡಿ ತೀರ್ಮಾನ ತಗೊಂಡ್ಲು, ನಾನು ಅದಕ್ಕೆ ಷರತ್ತು ಹಾಕ್ದೆ. ಭಾನುವಾರ ಟ್ಯೂಷನ್ ಮಾಡಿ ಆದಷ್ಟು ಕಳಿಸ್ತೀನಿ. ತಮ್ಮ ಡಿಪ್ಲೊಮಾ ಮುಗಿದ ತಕ್ಷಣ ಅಪ್ರೆಂಟಿಸ್‌ಗೆ ಅರ್ಜಿ ಹಾಕ್ತಾನೆ, ಸ್ಟೈಪೆಂಡ್ ಮನೆಗೆ. ಎರಡು ಸಲ ನೆಟ್ ಬರೀತೀನಿ, ಜೆಆರ್‌ಎಫ್ ಬರದಿದ್ರೆ ಮೂರನೇ ಸಲಕ್ಕೆ ಕಾಯದೆ ಎಂಎಸ್ಸಿ ಇಟ್ಕೊಂಡು ಮತ್ತೆ ಜಿಗಣಿ ಬಸ್ ಹತ್ತೋದು. ಎಚ್‌ಪಿಎಲ್‌ಸಿ ಅನುಭವ ಎಲ್ಲೂ ಹೋಗಲ್ಲ. ಮೂರನ್ನೂ ಅದೇ ಹಾಳೆಯ ಹಿಂದೆ ಬರೆದು ಮೂವರೂ ಸಹಿ ಹಾಕಿದ್ವಿ. ಅವ್ವ ‘ಇದೇನ್ ಹುಚ್ಚು’ ಅಂತ ನಕ್ಕಳು, ಆದ್ರೂ ಹಾಕಿದ್ಲು.

ಸೋಮವಾರ ನೋಟಿಸ್ ಕೊಟ್ಟೆ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್ ಕೈಗೆ ಬರೋ ತನಕ ಬಿಡಲ್ಲ, ನೀವೂ ಬಿಡ್ಬೇಡಿ.

ಧಾರವಾಡದಲ್ಲಿರೋ ಸೀನಿಯರ್ಸ್, ಆರ್ಗ್ಯಾನಿಕ್ ನೋಟ್ಸ್, ಹಳೇ ನೆಟ್ ಪೇಪರ್ ಇದ್ರೆ ಡಿಎಂ ಮಾಡಿ, ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಡ್ತೀನಿ. ಎಂಟು-ಒಂಬತ್ತನೇ ಕ್ಲಾಸ್ ಮಕ್ಕಳಿಗೆ ಸೈನ್ಸ್ ಟ್ಯೂಷನ್ ಬೇಕು ಅನ್ನೋ ಮನೆ ಗೊತ್ತಿದ್ರೂ ಹೇಳಿ. ಜಿಗಣಿ ಪಿಜಿಯಲ್ಲಿ ನನ್ನ ಬೆಡ್ ಈ ತಿಂಗಳ ಕೊನೆಗೆ ಖಾಲಿ ಆಗುತ್ತೆ, ಕಿಟಕಿ ಪಕ್ಕ, ಊಟ ಪರವಾಗಿಲ್ಲ. ಹೊಸದಾಗಿ ಬರ್ತಿರೋ ಹುಡುಗೀರು ಯಾರಾದ್ರೂ ಇದ್ರೆ ಮೊದಲು ನಿಮಗೇ.

#ಡಿಗ್ರಿಆದ್ಮೇಲೆ #ಬಿಎಸ್ಸಿಹುಡುಗೀರು #ಬ್ಯಾಡಗಿ