ಎರಡು ಫೋನು, ಒಂದು ಬ್ಯಾಟರಿ

ಮೊನ್ನೆ ಆಯುಧಪೂಜೆಗೆ ಮನೆ ಗುಡಿಸುವ ಗಡಿಬಿಡಿಯಲ್ಲಿ ಬೀರುವಿನ ಕೆಳಗಿನ ಡ್ರಾಯರ್ ಎಳೆದರೆ ಎರಡು ಹಳೇ ಫೋನ್ ಸಿಕ್ಕವು. ಒಂದು ನನ್ನ ನೋಕಿಯಾ ಇ71. ಇನ್ನೊಂದು ಅಪ್ಪನ ನೋಕಿಯಾ ಇ63. ಎರಡಕ್ಕೂ ಹೊಟ್ಟೆ ತುಂಬ ಪುಟಾಣಿ ಕೀಲಿಗಳು. ಮಗಳು ಒಂದನ್ನು ಕೈಗೆತ್ತಿಕೊಂಡು "ಇದೇನಪ್ಪಾ, ಕ್ಯಾಲ್ಕುಲೇಟರಾ?" ಅಂದಳು. ಅವಳಿಗೆ ಹನ್ನೊಂದು ವರ್ಷ. ಅವಳ ಪ್ರಕಾರ ಫೋನ್ ಅಂದ್ರೆ ಗಾಜು, ಅಷ್ಟೇ.

ಪುಣ್ಯಕ್ಕೆ ಸಣ್ಣ ಪಿನ್ನಿನ ಚಾರ್ಜರೂ ಅಲ್ಲೇ ಇತ್ತು. ಆದರೆ ನನ್ನ ಫೋನಿನ ಬ್ಯಾಟರಿ ಊದಿಕೊಂಡು ಇಡ್ಲಿ ಥರ ಆಗಿತ್ತು. ಅಪ್ಪನದು ಮಾತ್ರ ಚಪ್ಪಟೆಯಾಗಿ ಚೆನ್ನಾಗಿತ್ತು. ಎರಡಕ್ಕೂ ಹಾಕೋದು ಒಂದೇ ಬ್ಯಾಟರಿ ನೋಡಿ, ಬಿಪಿ-4ಎಲ್, 1500 ಎಂಎಎಚ್. ಸರಿ, ಇರೋ ಒಂದು ಬ್ಯಾಟರಿಯನ್ನೇ ಅದಕ್ಕೊಮ್ಮೆ ಇದಕ್ಕೊಮ್ಮೆ ಹಾಕಿ ನೋಡುತ್ತಾ ಕೂತೆ. ಪೂಜೆ ತಡವಾಯ್ತು, ಬೈಗುಳವೂ ಬಿತ್ತು. ಇರಲಿ.

ಇ71 ಬಗ್ಗೆ ನಿಮ್ಮಲ್ಲಿ ಕೆಲವರಿಗಾದ್ರೂ ನೆನಪಿರಬೇಕು. 2008ರ ಜೂನ್‌ನಲ್ಲಿ ನೋಕಿಯಾ ಅದನ್ನು ಘೋಷಿಸಿತ್ತು. ನಾನು ಕೊಂಡಿದ್ದು 2009ರ ಶುರುವಿನಲ್ಲಿ, ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ. ಉಕ್ಕಿನ ಮೈ, ಹತ್ತು ಮಿಲಿಮೀಟರ್ ದಪ್ಪ, ಹಿಂದಿನ ಮುಚ್ಚಳವೂ ಲೋಹದ್ದೇ. ಜಿಪಿಎಸ್ ಇತ್ತು, ವೈಫೈ ಇತ್ತು, 3ಜಿ ಇತ್ತು, 3.2 ಮೆಗಾಪಿಕ್ಸೆಲ್ಲಿನ ಆಟೋಫೋಕಸ್ ಕ್ಯಾಮೆರಾ ಇತ್ತು. ಮೀಟಿಂಗಿನಲ್ಲಿ ಮೇಜಿನ ಮೇಲೆ ಅದನ್ನಿಟ್ಟರೆ 'ಠಣ್' ಅಂತ ಶಬ್ದ ಬರ್ತಿತ್ತು. ಆ ಶಬ್ದಕ್ಕೇ ಅರ್ಧ ದುಡ್ಡು ಕೊಟ್ಟಿದ್ದೆ ಅನ್ನಬಹುದು.

ಅದೇ ವರ್ಷದ ದೀಪಾವಳಿಗೆ ಅಪ್ಪನಿಗೆ ಇ63 ತಗೊಂಡು ಹೋದೆ. ಇ71ರ ಬಡ ತಮ್ಮ ಅದು. 2008ರ ನವೆಂಬರಿನಲ್ಲಿ ಘೋಷಣೆಯಾಗಿದ್ದು. ಒಳಗಡೆ ಹೆಚ್ಚುಕಡಿಮೆ ಒಂದೇ ಜೀವ. ಅದೇ 369 ಮೆಗಾಹರ್ಟ್ಸ್ ಪ್ರೊಸೆಸರ್, ಅದೇ ಸಿಂಬಿಯನ್, ಅದೇ 2.36 ಇಂಚಿನ ಪರದೆ. ಹೊರಗಡೆ ಮಾತ್ರ ಪ್ಲಾಸ್ಟಿಕ್, 13 ಮಿಲಿಮೀಟರ್ ದಪ್ಪ. ಜಿಪಿಎಸ್ ಇಲ್ಲ, ಕ್ಯಾಮೆರಾ ಎರಡೇ ಮೆಗಾಪಿಕ್ಸೆಲ್, ಬದಿಯಲ್ಲಿ ವಾಲ್ಯೂಮ್ ಬಟನ್ನೂ ಇಲ್ಲ. ಬೆಲೆಯೂ ಅದಕ್ಕೆ ತಕ್ಕ ಹಾಗೆ ಕಡಿಮೆ. ನನಗೆ ಒಳ್ಳೇದು, ಅಪ್ಪನಿಗೆ ಅಗ್ಗದ್ದು ಅಂತ ಸ್ವಲ್ಪ ನಾಚಿಕೆಯಾಗಿತ್ತು ಸುಳ್ಳಲ್ಲ. "ಕೆಂಪು ಬಣ್ಣ ಚೆನ್ನಾಗಿದೆ ಅಂತ ತಂದೆ" ಅಂದೆ.

ಆದರೆ ಹೊಸನಗರದ ಹತ್ತಿರದ ನಮ್ಮೂರಿನಲ್ಲಿ ಗೆದ್ದಿದ್ದು ಇ63. ಊರಿನ ಟವರಿನಲ್ಲಿ ಆಗ ಬರೀ ಜಿಪಿಆರ್‌ಎಸ್, ನನ್ನ 3ಜಿ ಅಲ್ಲಿ ಕುಂಬಳಕಾಯಿ. ಜಿಪಿಎಸ್ ಹಾಕಿದರೆ ಅಡಿಕೆ ತೋಟದ ಸೋಗೆಯ ಕೆಳಗೆ ಅದು ಉಪಗ್ರಹ ಹುಡುಕುತ್ತಾ ಸುಮ್ಮನೆ ಕೂತಿರುತ್ತಿತ್ತು. ಅಪ್ಪನ ಫೋನಿನಲ್ಲಿ ಸ್ಪೇಸ್ ಕೀಲಿ ಒತ್ತಿ ಹಿಡಿದರೆ ಕ್ಯಾಮೆರಾದ ಪಕ್ಕದ ದೀಪ ಟಾರ್ಚಿನ ಹಾಗೆ ಉರಿಯುತ್ತಿತ್ತು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಇದಕ್ಕಿಂತ ದೊಡ್ಡ ಫೀಚರ್ ಇನ್ನೊಂದಿಲ್ಲ. ಕೊಟ್ಟಿಗೆಗೆ ಹೋಗೋದಕ್ಕೂ ಅದೇ, ಬಚ್ಚಲಿಗೆ ಹೋಗೋದಕ್ಕೂ ಅದೇ. ಇನ್ನು ನನ್ನ ಇ71ರ ಇಯರ್‌ಫೋನ್ ತೂತು 2.5 ಮಿಲಿಮೀಟರಿನದು, ಅಂಗಡಿಯಲ್ಲಿ ಸಿಗೋ ಯಾವುದೂ ಅದಕ್ಕೆ ಹಿಡಿಸುತ್ತಿರಲಿಲ್ಲ. ಅಪ್ಪನದು ಎಲ್ಲರದರಂತೆ 3.5. ಅದಕ್ಕೊಂದು ವೈರ್ ಸಿಕ್ಕಿಸಿ ಹಳೇ ಸ್ಪೀಕರಿಗೆ ಕೊಟ್ಟು, ಕಾಳಿಂಗ ನಾವಡರ ಭಾಗವತಿಕೆಯನ್ನು ಇಡೀ ಅಂಗಳಕ್ಕೆ ಕೇಳಿಸುತ್ತಿದ್ದರು. "ನಿಂದರಲ್ಲಿ ಇದು ಬರ್ತದೇನೋ?" ಅಂತ ನನ್ನನ್ನು ಕೆಣಕೋದು ಬೇರೆ.

ಹೀಗೆ ಎರಡು ಫೋನುಗಳನ್ನು ಹೋಲಿಸಿ ಹೋಲಿಸಿ ನಾವಿಬ್ಬರೂ ಜಗಳವಾಡುತ್ತಿದ್ದೆವು. ಎರಡರಲ್ಲೂ ಇಲ್ಲದ ಒಂದು ವಿಷಯ ಮಾತ್ರ ನಮ್ಮಿಬ್ಬರ ಪಟ್ಟಿಯಲ್ಲೂ ಇರಲಿಲ್ಲ. ಕನ್ನಡ.

ನಮ್ಮ ಫೋನುಗಳಲ್ಲಿ ಕನ್ನಡ ಅಂದ್ರೆ ಚೌಕ. ಸಾಲು ಸಾಲು ಖಾಲಿ ಚೌಕ. ಒಪೆರಾ ಮಿನಿಯ ಆ ಉಪಾಯ ನಿಮಗೆ ಗೊತ್ತಲ್ಲ, ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಅಂತ ಟೈಪಿಸಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನೋದಕ್ಕೆ 'ಎಸ್' ಕೊಡೋದು. ಆಮೇಲೆ ಅಕ್ಷರಗಳು ಅವರ ಸರ್ವರಿನಿಂದ ಚಿತ್ರವಾಗಿ ಬರುತ್ತಿದ್ದವು. ನಾನು ಬಿಎಂಟಿಸಿ ಬಸ್ಸಿನಲ್ಲಿ ನಿಮ್ಮೆಲ್ಲರ ಬರಹ ಓದಿದ್ದು ಹಾಗೇ. ಆದರೆ ಅದು ಓದೋದಕ್ಕೆ ಮಾತ್ರ. ಬರೆಯೋದಕ್ಕೆ ಏನೂ ಇಲ್ಲ. ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರಕ್ಕೆ ಒಂದೊಂದು ಕೀಲಿ, ನಮ್ಮ 'ಅ'ಕ್ಕೆ ಒಂದೂ ಇಲ್ಲ.

ಅಪ್ಪ ಮೂವತ್ತು ವರ್ಷ ಕನ್ನಡ ಶಾಲೆ ಮೇಷ್ಟ್ರಾಗಿದ್ದವರು. ನಾನು ಹಾಸ್ಟೆಲಿನಲ್ಲಿದ್ದಾಗಿನಿಂದ ತಿಂಗಳಿಗೆ ಎರಡು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. ದುಂಡಗಿನ ಅಕ್ಷರ, ಮಡಚುವ ಅಂಚಿನಲ್ಲೂ ಜಾಗ ಬಿಡದೆ ತುಂಬಿಸಿದ ಸಾಲು. ದನ ಕರು ಹಾಕಿದ್ದು, ಕೊಳೆರೋಗಕ್ಕೆ ಔಷಧಿ ಹೊಡೆಸಿದ್ದು, ಯಾರದೋ ಮನೆಯ ತಾಳಮದ್ದಳೆಯಲ್ಲಿ ಭೀಷ್ಮ ಸೋತಿದ್ದು, ಎಲ್ಲ ಇರುತ್ತಿತ್ತು. ನಾನು ಇ63 ಕೊಟ್ಟೆ. ಮೆಸೇಜ್ ಮಾಡೋದು ಹೇಳಿಕೊಟ್ಟೆ. ಕಾಗದ ನಿಂತುಹೋಯ್ತು. ಅದರ ಬದಲಿಗೆ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಕನ್ನಡ ಪದ ಬರತೊಡಗಿತು. 'ಮಳೆ ಜೋರು. ಕರೆಂಟ್ ಇಲ್ಲ. ಎಲ್ಲ ಸೌಖ್ಯ.' ನಾನಂತೂ ಖುಷಿಪಟ್ಟೆ. ಅಪ್ಪ ಟೆಕ್ನಾಲಜಿ ಕಲಿತರು ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ.

2011ರ ಫೆಬ್ರವರಿಯಲ್ಲಿ ಒಂದು ಮೆಸೇಜ್ ಬಂತು. ಇಂಗ್ಲಿಷಿನಲ್ಲಿ ಕೆ, ಎ, ಎಲ್, ಯು. ಅದರ ಮುಂದೆ 'ನೋಡಿಸಬೇಕು, ಸೋಮವಾರ ಸಾಗರಕ್ಕೆ ಹೋಗುತ್ತೇನೆ' ಅಂತ. ಕಾಳುಮೆಣಸು ಕೊಯ್ಯುವ ಕಾಲ. ಸಾಗರದ ಮಂಡಿಗೆ ಕಾಳಿನ ಸ್ಯಾಂಪಲ್ ತೋರಿಸೋದಕ್ಕೆ ಹೊರಟಿದ್ದಾರೆ ಅಂದುಕೊಂಡೆ. 'ಒಳ್ಳೇ ರೇಟ್ ಬಂದ್ರೆ ಕೊಟ್ಟುಬಿಡಿ' ಅಂತ ಉತ್ತರಿಸಿದೆ. ಅಪ್ಪ 'ಸರಿ' ಅಂದರು. ಅಷ್ಟೇ.

ಅದು ಕಾಳಲ್ಲ, ಕಾಲು. ತೋಟದಲ್ಲಿ ಅಡಿಕೆ ದಬ್ಬೆ ಚುಚ್ಚಿ ಆಗಿದ್ದ ಗಾಯ. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮೂರು ವಾರದ ಮೇಲೆ ಅಮ್ಮ ಅಳುತ್ತಾ ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು. ಅಷ್ಟರಲ್ಲಿ ಎಡಗಾಲಿನ ಎರಡು ಬೆರಳು ತೆಗೆಯಬೇಕು ಅಂತ ಆಗಿತ್ತು. ನಾನು ಹೋದಾಗ ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ ಅಪ್ಪ ನಕ್ಕರು. "ನೀ ಹೇಳಿದ್ಯಲ್ಲ ಮಾರಾಯ, ಒಳ್ಳೇ ರೇಟಿಗೆ ಕೊಟ್ಟೆ" ಅಂದರು. ತಪ್ಪು ತಿಳಿದೆ ಅಂತ ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ನಿನಗೆ ಕೆಲಸ ಜಾಸ್ತಿ ಇರ್ತದೆ, ಮತ್ತೆ ಆ ಸಣ್ಣ ಅಕ್ಷರ ಕುಟ್ಟೋದು ಯಾರು" ಅಂದರು.

ಫೋನಿನ ಮೇಲೆ ತಪ್ಪು ಹಾಕೋದು ಸುಲಭ. ಒಂದು ಕರೆ ಮಾಡಿ ಕೇಳಬಹುದಿತ್ತು, ನಾನು ಕೇಳಲಿಲ್ಲ. ಆದರೂ ಅನ್ನಿಸುತ್ತದೆ, 'ಲ'ಕ್ಕೂ 'ಳ'ಕ್ಕೂ ಇರುವ ವ್ಯತ್ಯಾಸವನ್ನು ಊರಿನ ಅರ್ಧ ಮಕ್ಕಳಿಗೆ ಕಲಿಸಿದ್ದ ಮನುಷ್ಯನ ಕೈಗೆ, ಅವೆರಡಕ್ಕೂ ಒಂದೇ ಕೀಲಿ ಇರುವ ಯಂತ್ರ ಕೊಟ್ಟಿದ್ದು ನಾನೇ ತಾನೇ? ಕಾಗದದಲ್ಲಾಗಿದ್ರೆ ಆ ತಪ್ಪು ಆಗುತ್ತಲೇ ಇರಲಿಲ್ಲ. ಗಾಯ ಹೇಗಾಯ್ತು, ಯಾವ ದಿನ ಆಯ್ತು, ಆಗ ಬಾನಿನಲ್ಲಿ ಮೋಡ ಇತ್ತಾ ಎಲ್ಲ ಬರೆದಿರುತ್ತಿದ್ದರು.

2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಸರಿಯಾಗಿ ಕಾಣಿಸತೊಡಗಿತು. 2014ರಲ್ಲಿ ಅಪ್ಪನಿಗೊಂದು ಟಚ್ ಫೋನ್ ತಂದು, ಕನ್ನಡ ಕೀಲಿಮಣೆ ಹಾಕಿಕೊಟ್ಟೆ. ಒಂದು ವಾರ ನೋಡಿದರು. "ಒತ್ತಿದ್ರೆ ಒತ್ತಿದ ಹಾಗೆ ಆಗಬೇಕು. ಇದು ಮುಟ್ಟಿದ್ರೆ ಎಲ್ಲಿಗೋ ಹೋಗ್ತದೆ" ಅಂತ ವಾಪಸ್ ಕೊಟ್ಟು ಕೆಂಪು ಫೋನಿಗೇ ಮರಳಿದರು. 2016ರ ಆಗಸ್ಟಿನಲ್ಲಿ ಹೋಗಿಬಿಟ್ಟರು. ಫೋನಿನಲ್ಲಿ ನನಗೆ ಒಂದೇ ಒಂದು ಕನ್ನಡ ಅಕ್ಷರವನ್ನೂ ಬರೆಯದೆ.

ಮೊನ್ನೆ ಬ್ಯಾಟರಿಯನ್ನು ಮೊದಲು ಇ71ಕ್ಕೆ ಹಾಕಿದೆ. ಅದರಲ್ಲಿ ಬ್ಯಾಂಕಿನ ಮೆಸೇಜು, ಆಫೀಸಿನ ಮೀಟಿಂಗು ಬಿಟ್ಟರೆ ಏನೂ ಇಲ್ಲ. ಜಾಗ ತುಂಬ್ತು ಅಂತ ಅಪ್ಪನ ಮೆಸೇಜುಗಳನ್ನೆಲ್ಲ ನಾನೇ ಯಾವಾಗಲೋ ಅಳಿಸಿದ್ದೆ. ತೆಗೆದು ಇ63ಕ್ಕೆ ಹಾಕಿದೆ. ಕಳಿಸಿದ ಸಂದೇಶಗಳ ಪೆಟ್ಟಿಗೆಯಲ್ಲಿ ಇಪ್ಪತ್ತು ಇದ್ದವು, ಕೊನೆಯ ಇಪ್ಪತ್ತು. ಹೆಚ್ಚಿನವು ನನಗೇ. ಮಗಳು ಭುಜದ ಮೇಲಿಂದ ಇಣುಕಿ ಒಂದನ್ನು ಜೋರಾಗಿ ಓದಿದಳು, "ಮೇಲ್ ಜೋರು". "ಮೇಲ್ ಅಂದ್ರೆ ಗಂಡಸಲ್ವಾ ಅಪ್ಪಾ? ಯಾರು ಜೋರು?"

ನಗು ಬಂತು. ಆಮೇಲೆ ಬೀರುವಿನಿಂದ ಇನ್‌ಲ್ಯಾಂಡ್ ಲೆಟರುಗಳ ಕಟ್ಟು ತೆಗೆದು ಒಂದನ್ನು ಅವಳ ಕೈಗೆ ಕೊಟ್ಟೆ. ಇಂಗ್ಲಿಷ್ ಮೀಡಿಯಂ ಹುಡುಗಿ, ಕಾಗುಣಿತ ಕೂಡಿಸಿ ಕೂಡಿಸಿ ಓದಿದಳು. ಒಂದು ಸಾಲಿಗೆ ಎರಡು ನಿಮಿಷ. ಆದರೆ 'ಮಳೆ' ಅಂತ ಇದ್ದಲ್ಲಿ 'ಮಳೆ' ಅಂತಲೇ ಓದಿದಳು.

ಎರಡೂ ಫೋನಿಗೆ ಕುಂಕುಮ ಹಚ್ಚಿ ಪೂಜೆಗೆ ಇಟ್ಟೆವು. ಬ್ಯಾಟರಿ ಇ63ರಲ್ಲೇ ಬಿಟ್ಟಿದ್ದೇನೆ. ಸ್ಪೇಸ್ ಕೀಲಿ ಒತ್ತಿ ಹಿಡಿದರೆ ಟಾರ್ಚು ಇನ್ನೂ ಉರಿಯುತ್ತದೆ.

ನಿಮ್ಮ ಮನೆಯ ಡ್ರಾಯರಿನಲ್ಲೂ ಇಂಥದ್ದೊಂದು ಇದ್ದರೆ, ಬಿಡುವಾದಾಗ ಚಾರ್ಜಿಗೆ ಹಾಕಿ ನೋಡಿ. ಬ್ಯಾಟರಿ ಊದಿದ್ದರೆ ಮಾತ್ರ ಬೇಡ.