ಕಾರ್ಬನ್ನೋ, ಅಲ್ಯೂಮಿನಿಯಮ್ಮೋ?

ಬೆಳಿಗ್ಗೆ ಇಲವಾಲ ದಾಟಿ ಹುಣಸೂರು ರಸ್ತೆಯಲ್ಲಿ ಪೆಡಲ್ ತುಳೀತಾ ಇದೇ ಯೋಚನೆ. ಹೊಸ ರೋಡ್ ಬೈಕಿಗೆ ಯಾವ ಫ್ರೇಮು? ಕಾರ್ಬನ್ ಹಗುರ, ನಿಜ. ಆದರೆ ಫ್ರೇಮಲ್ಲಿ ಉಳಿಯೋದು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು; ತುಂಬಿದ ಎರಡು ನೀರಿನ ಬಾಟಲಿ ಅದಕ್ಕಿಂತ ಭಾರ!

ಏಟು ಬಿದ್ದರೆ ಅಲ್ಯೂಮಿನಿಯಂ ನೆಗ್ಗುತ್ತೆ, ಕಣ್ಣಿಗೆ ಕಾಣುತ್ತೆ. ಕಾರ್ಬನ್ ಅಂದ್ರೆ ಕೂದಲಿಗಿಂತ ಸಣ್ಣ ಎಳೆಗಳನ್ನ ರಾಳದಲ್ಲಿ ಪದರಪದರವಾಗಿ ಅಂಟಿಸಿದ್ದು. ಮೇಲೆ ಬಣ್ಣ ಚೆನ್ನಾಗೇ ಇದ್ದು ಒಳಪದರ ಬಿಟ್ಟಿರಬಹುದು. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಆ ಜಾಗದಲ್ಲಿ ಸದ್ದು ಮಂಕಾಗುತ್ತೆ.

ಕುಲುಕಾಟಕ್ಕೆ ಕಾರ್ಬನ್ನೇ ಮದ್ದು ಅಂತಾರೆ. ನನಗೆ ಒಪ್ಪಿಗೆಯಿಲ್ಲ. 28 ಮಿ.ಮೀ. ಟೈರು ಹಾಕಿ ಗಾಳಿ ತುಸು ಇಳಿಸಿದರೆ ಅರ್ಧ ತೊಂದರೆ ಅಲ್ಲೇ ಮುಗೀತು. ಮನಸ್ಸು ಅಲ್ಯೂಮಿನಿಯಂ ಕಡೆಗೇ ಇದೆ, ಮುಂದಿನ ಫೋರ್ಕ್ ಮಾತ್ರ ಕಾರ್ಬನ್. ಉಳಿದ ದುಡ್ಡಿಗೆ ಒಳ್ಳೇ ಚಕ್ರ.